ಮೂರು ಬೆಳಗಿನ ಮೆತ್ತನೆ ತಿಂಡಿ

ಮನೆಯಿಂದ,
ಭಾನುವಾರ, ಮಾರ್ಚ್ ೧೪

ನನ್ನ ಮುದ್ದಿನ ಅಳಿಲೇ,

ಹೇಗಿದ್ದೀಯ? ಕೆಮ್ಮು ನಿಜವಾಗಿಯೂ ಹೋಯಿತೋ, ಇಲ್ಲ ಹೋಯಿತು ಎಂದು ಅಪ್ಪನಿಗೆ ಬರೆದು ಅಲ್ಲಿ ಕೂತು ಕೆಮ್ಮುತ್ತಿದ್ದೀಯೋ? ಹಾಸ್ಟೆಲಿನ ಕಿಟಕಿ ಸರಿಯಾಗಿ ಮುಚ್ಚುವುದಿಲ್ಲ ಎಂದಿದ್ದೆಯಲ್ಲ, ಸಂದಿಗೆ ಹಳೇ ಬಟ್ಟೆಯಾದರೂ ತುರುಕು. ದಿನವಿಡೀ ನಕ್ಷೆ ಬರೆಯುವವಳು ನೀನು, ಕಣ್ಣಿಗೆ ಆಗಾಗ ತಣ್ಣೀರು ಹಾಕಿಕೊ. ನಾನು ಗುಂಡುಕಲ್ಲಿನ ಹಾಗಿದ್ದೇನೆ, ಮೊಣಕಾಲು ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ನಿಮ್ಮಪ್ಪನೂ ಆರಾಮ. ಬೀಗದ ಅಂಗಡಿಗೆ ನಾಲ್ಕು ದಿನ ತಾನೇ ಬೀಗ ಹಾಕಿ, ವಾಪಸು ಬಂದ ಮೇಲೆ ಅದರ ಕೀ ಎಲ್ಲಿಟ್ಟೆ ಎಂದು ಅರ್ಧ ದಿನ ಹುಡುಕಿದ.

ಹೌದು, ಈ ಸಲದ ನಗರ ಪ್ರವಾಸ ಮುಗಿಸಿ ಬಂದೆವು. ನೀನು ಪರೀಕ್ಷೆ ಇದೆ ಎಂದು ಬರೆದಿದ್ದೆ. ಪರೀಕ್ಷೆ ಮುಂದಿನ ತಿಂಗಳು ಎನ್ನುವುದು ನಿಮ್ಮಪ್ಪನಿಗೂ ಗೊತ್ತು, ನನಗೂ ಗೊತ್ತು. ನಿಮ್ಮಪ್ಪನ ಹೊಸ ಹೆಂಡತಿ ಬರುತ್ತಾಳೆಂದು ನೀನು ಬರಲಿಲ್ಲ. ಮದುವೆಯಾದ ಮೇಲೆ ಎರಡು ರಜೆ ಕಳೆದವು, ನೀನು ಮನೆಯ ಹೊಸ್ತಿಲು ತುಳಿದಿಲ್ಲ. ತಿನ್ನುವುದಕ್ಕೆಂದೇ ವರ್ಷಕ್ಕೊಮ್ಮೆ ನಗರ ಸುತ್ತುವ ಪದ್ಧತಿ ಹಾಕಿದವಳು ನಿಮ್ಮಮ್ಮ, ಆ ಜಾಗದಲ್ಲಿ ಬೇರೆಯವಳನ್ನು ನೋಡಲು ನಿನಗೆ ಕಷ್ಟ. ಅರ್ಥವಾಗುತ್ತದೆ. ಆದರೆ ನಿನಗೆ ತಿಳಿಯದ ಒಂದು ಮಾತಿದೆ. ನಿನ್ನ ಕಾಗದ ಬಂದ ದಿನ ಅವಳು, "ನಾನು ಮನೇಲೇ ಇರ್ತೀನಿ, ಅವಳನ್ನ ಕರ್ಕೊಂಡು ಹೋಗಿ" ಎಂದಿದ್ದಳು. ನಿಮ್ಮಪ್ಪ ಒಪ್ಪಲಿಲ್ಲ. ನಾನು, ನಿಜ ಹೇಳಬೇಕೆಂದರೆ, ಅವಳು ಹೇಳಿದ್ದೇ ಸರಿ ಎಂದು ಸುಮ್ಮನಿದ್ದೆ.

ಈಗ ನನ್ನ ಘನಂದಾರಿ ಕೆಲಸ ಕೇಳು. ಹೊರಡುವ ಹಿಂದಿನ ದಿನದಿಂದ ಇಬ್ಬರ ತಲೆಯನ್ನೂ ತಿಂದಿದ್ದೆ. ಛತ್ರಿ ಇಟ್ಟಿರಾ, ಮಾತ್ರೆ ಇಟ್ಟಿರಾ, ಟಿಕೆಟ್ ಎಲ್ಲಿ, ನಾನಿಲ್ಲದಿದ್ದರೆ ನಿಮ್ಮ ಗತಿ ಏನು ಎಂದು. ರೈಲು ಎರಡು ಸ್ಟೇಷನ್ ದಾಟಿದ ಮೇಲೆ ಬಾಯಿ ಬರಿದೆನ್ನಿಸಿತು. ನನ್ನ ಹಲ್ಲಿನ ಸೆಟ್ಟು ಬಚ್ಚಲಮನೆಯ ಲೋಟದಲ್ಲಿ ನೀರು ಕುಡಿಯುತ್ತ ಕೂತಿತ್ತು! ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಅಷ್ಟು ಉಪದೇಶ ಮಾಡಿದ ಬಾಯಲ್ಲಿ ಹಲ್ಲೇ ಇಲ್ಲ ಎಂದು ಸೊಸೆಯ ಮುಂದೆ ಹೇಗೆ ಹೇಳಲಿ? ನೆಗಡಿ ಎಂದು ಕರ್ಚೀಪು ಅಡ್ಡ ಹಿಡಿದು ಕೂತೆ. ನಿಮ್ಮಪ್ಪನ ಕಣ್ಣಿಗೆ ಬೀಗದ ತೂತು ಬಿಟ್ಟು ಬೇರೇನೂ ಕಾಣುವುದಿಲ್ಲ ಎನ್ನುವುದು ನಿನಗೆ ಗೊತ್ತೇ ಇದೆ.

ಇಳಿದದ್ದೇ ಅವನು ನಮ್ಮನ್ನು ನದಿ ದಡದ ಬೇಕರಿಗೆ ಎಳೆದುಕೊಂಡು ಹೋದ. ಕಟ್ಟಿಗೆಯ ಒಲೆಯಿಂದ ಆಗಷ್ಟೇ ತೆಗೆದ ಬ್ರೆಡ್ಡು, ಪರಿಮಳಕ್ಕೇ ಹೊಟ್ಟೆ ತುಂಬಬೇಕು, ಮೇಲಿನ ಸಿಪ್ಪೆ ಮಾತ್ರ ಮರದ ತೊಗಟೆ. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎಂದು ನಮ್ಮ ಹಿರಿಯರು ನನ್ನನ್ನು ನೋಡಿಯೇ ಹೇಳಿರಬೇಕು. ಚೂರು ಚೂರಾಗಿ ಮುರಿದು ಕರ್ಚೀಪಿಗೆ ಸೇರಿಸಿ, ಸೇತುವೆಯ ಮೇಲೆ ಪಾರಿವಾಳಗಳಿಗೆ ಹಾಕಿದೆ. ಹೊಟ್ಟೆ ಸರಿಯಿಲ್ಲ ಎಂದೆ. ಬೇಕರಿಯಲ್ಲೇ ಸೊಸೆ ಒಮ್ಮೆ ನನ್ನ ತಟ್ಟೆ ನೋಡಿದ್ದಳು. ದಾರಿಯಲ್ಲಿ ಒಂದು ಅಂಗಡಿಗೆ ಹೊಕ್ಕು ಏನೇನೋ ಕೊಂಡು ತಂದಳು.

ನಮ್ಮ ಕೋಣೆಯಲ್ಲಿ ಒಲೆ ಇರಲಿಲ್ಲ. ನೀರು ಕಾಯಿಸುವ ಒಂದು ಕೆಟಲ್, ಅಷ್ಟೆ. ಮಾರನೆಯ ಬೆಳಿಗ್ಗೆ ಎದ್ದು ನೋಡುತ್ತೇನೆ, ಮೇಜಿನ ಮೇಲೆ ಮೂರು ಬಟ್ಟಲು. ಮಲಗುವ ಮುಂಚೆ ಹಾಲಿನಲ್ಲಿ ನೆನೆಹಾಕಿದ್ದ ಓಟ್ಸು ಬೆಣ್ಣೆಯ ಹಾಗೆ ಮೆತ್ತಗಾಗಿತ್ತು, ಅದಕ್ಕೆ ಸೇಬು ತುರಿದು ಜೇನು ಹನಿಸಿದ್ದಳು. ಕೈಚೀಲದಲ್ಲಿ ತುರಿಮಣೆ ಇಟ್ಟುಕೊಂಡು ಪ್ರವಾಸ ಹೊರಡುವ ಹೆಂಗಸನ್ನು ನಾನು ಬೇರೆಲ್ಲೂ ಕಂಡಿಲ್ಲ. ಎರಡನೆಯ ಬೆಳಿಗ್ಗೆ, ಅಗಲ ಬಾಯಿಯ ಫ್ಲಾಸ್ಕಿನಲ್ಲಿ ಕುದಿನೀರು ಸುರಿದು ಮೊಟ್ಟೆ ಮುಳುಗಿಸಿ ಮುಚ್ಚಿಟ್ಟಿದ್ದಳು. ಅದನ್ನು ಲೋಟಕ್ಕೆ ಒಡೆದು, ಅಂಚು ತೆಗೆದ ಬ್ರೆಡ್ಡು ಪುಡಿಮಾಡಿ, ಬೆಣ್ಣೆ, ಉಪ್ಪು, ಮೆಣಸು. ಮೂರನೆಯ ಬೆಳಿಗ್ಗೆ, ಚೆನ್ನಾಗಿ ಕಳಿತ ಬಾಳೆಹಣ್ಣನ್ನು ಗಟ್ಟಿ ಮೊಸರಿನಲ್ಲಿ ಕಿವುಚಿ ಚಿಟಿಕೆ ಚಕ್ಕೆಪುಡಿ. ಇಷ್ಟು ಸುಲಭದ ತಿಂಡಿ, ನಾನು ಬಟ್ಟಲು ನೆಕ್ಕುವುದೊಂದೇ ಬಾಕಿ. ಮೂವರಿಗೂ ಒಂದೇ ತಿಂಡಿ ನೋಡು, ನನಗೆ ಬೇರೆ ಅವರಿಗೆ ಬೇರೆ ಅಲ್ಲ. ಹಾಗಾಗಿ ನನಗೆ ಅನುಮಾನವೇ ಬರಲಿಲ್ಲ. ನನ್ನ ಅದೃಷ್ಟ ಎಂದುಕೊಂಡೆ.

ಮೂರನೆಯ ಬೆಳಿಗ್ಗೆ ನಿಮ್ಮಪ್ಪ ಚಮಚ ಕುಕ್ಕಿದ. "ಏನಿದು, ದಿನಾ ಕೂಸಿನ ಊಟ? ಇಷ್ಟು ದೂರ ಬಂದಿದ್ದೀವಿ, ಕಚ್ಚಿ ತಿನ್ನೋ ಹಾಗೆ ಏನಾದ್ರೂ ಕೊಡು" ಎಂದ. ಅವಳು ಕೆನ್ನೆ ಹಿಡಿದುಕೊಂಡು, "ನನಗೇ ದವಡೆ ಹಲ್ಲು ನೋವು ರೀ, ಇವತ್ತೊಂದಿನ ಹೊಂದ್ಕೊಳ್ಳಿ" ಎಂದಳು. ನಾನು ತಲೆ ಎತ್ತಿದೆ. ಹಿಂದಿನ ಸಂಜೆಯಷ್ಟೇ ಟ್ರಾಮಿನಲ್ಲಿ ನನ್ನ ಪಕ್ಕದಲ್ಲಿ ಕೂತು ಹುರಿದ ಬಾದಾಮಿ ಕಟಕಟ ಅಗಿದವಳು ಇವಳೇ! ಅವಳು ನನ್ನ ಕಡೆ ನೋಡಲೂ ಇಲ್ಲ. ಅವಮಾನವೋ ಸಂತೋಷವೋ ತಿಳಿಯದೆ ಮೊಸರಿನ ಬಟ್ಟಲಿಗೆ ಮುಖ ಹಾಕಿ ಅತ್ತೆ ಕಣೇ. ನೆಗಡಿ ನೆಪ ಆಗಲೂ ಉಪಯೋಗಕ್ಕೆ ಬಂತು.

ವಾಪಸು ರೈಲಿನಲ್ಲಿ ನಿಮ್ಮಪ್ಪ ಗೊರಕೆ ಹೊಡೆಯುವಾಗ, ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಿಯೇ ಬಿಟ್ಟೆ. ಅವಳು ಆಸ್ಪತ್ರೆಯ ಅಡುಗೆಮನೆಯವಳಲ್ಲವೇ, "ಇಪ್ಪತ್ತು ವರ್ಷ ವಾರ್ಡಿಗೆ ತಿಂಡಿ ಹಂಚಿದ್ದೀನಿ ಅತ್ತೆ. ಹಲ್ಲಿಲ್ಲ ಅಂತ ಯಾರೂ ಹೇಳ್ಕೊಳ್ಳಲ್ಲ, ತಟ್ಟೆ ಹೇಳುತ್ತೆ" ಎಂದಳು. ಅವಳು ಇನ್ನೂ ಯಾರಿಗೂ ಹೇಳಿಲ್ಲ. ನಾನಾಗಿದ್ದರೆ ಬೀದಿಗೆಲ್ಲ ಸಾರಿ ಬರುತ್ತಿದ್ದೆ.

ನಿಮ್ಮಮ್ಮ ಇದ್ದಿದ್ದರೆ ಹೊಟ್ಟೆ ಹಿಡಿದು ನಗುತ್ತಿದ್ದಳು, ನನ್ನನ್ನೂ ನಗಿಸಿ, ಮರುದಿನದ ರೈಲಿಗೆ ನಿಮ್ಮಪ್ಪನನ್ನು ಹಲ್ಲು ತರಲು ಓಡಿಸುತ್ತಿದ್ದಳು. ಅದು ಅವಳ ಪ್ರೀತಿಯ ಬಗೆ. ಇದು ಇವಳ ಬಗೆ. ಒಂದನ್ನು ಹೊರಗೆ ಹಾಕಿ ಇನ್ನೊಂದನ್ನು ಒಳಗೆ ಕರೆಯಬೇಕಾಗಿಲ್ಲ. ಎಪ್ಪತ್ತೊಂದು ವರ್ಷಕ್ಕೆ ನನಗೆ ಎರಡೆರಡು ಒಳ್ಳೆಯ ಸೊಸೆಯಂದಿರು ಸಿಕ್ಕರು, ಎಷ್ಟು ಜನಕ್ಕೆ ಈ ಪುಣ್ಯ ಉಂಟು?

ಹೊಟ್ಟೆ ತುಂಬ ಉಂಡು ಕಣ್ತುಂಬ ನಿದ್ದೆ ಮಾಡು. ನೀನು ಬರೆದ ನಕ್ಷೆ ನೋಡಿ ಯಾರೂ ದಾರಿ ತಪ್ಪದಿರಲಿ. ನೂರು ಕಾಲ ಸುಖವಾಗಿ ಬಾಳು ಮಗಳೇ.

ನಿನ್ನ ಬೊಚ್ಚುಬಾಯಿ ಅಜ್ಜಿ

ಮರೆತಿದ್ದೆ. ಮರೆತಿರಲಿಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಮದುವೆಯ ದಿನ ನಿನ್ನನ್ನು ಪಕ್ಕಕ್ಕೆ ಕರೆದು, "ಅಮ್ಮ ಅನ್ನೋದಿರಲಿ, ಅವಳನ್ನ ಮಾತಾಡಿಸೋದೂ ಬೇಡ, ನಿನಗೆ ನಾನಿದ್ದೀನಿ" ಎಂದವಳು ನಾನು. ನನ್ನ ಮಾತನ್ನು ಇಷ್ಟು ಚೆನ್ನಾಗಿ ಪಾಲಿಸುತ್ತೀಯೆಂದು ಗೊತ್ತಿದ್ದರೆ ಹೊತ್ತಿಗೆ ಸರಿಯಾಗಿ ಮಲಗು ಎಂದೂ ಹೇಳಿರುತ್ತಿದ್ದೆ. ತಪ್ಪು ನನ್ನದು, ನಿನ್ನದಲ್ಲ. ಬೆಳಿಗ್ಗೆ ಏನೂ ತಿನ್ನದೆ ತರಗತಿಗೆ ಹೋಗುತ್ತೇನೆ ಎಂದು ಅಪ್ಪನಿಗೆ ಬರೆದಿದ್ದೆಯಂತೆ. ಅಂದಿನಿಂದ ಅವಳಿಗೆ ಅದೇ ಚಿಂತೆ, ಅಲ್ಲಿ ಹಾಲು ಸಿಗುತ್ತದೆಯೇ, ಹಣ್ಣು ಸಿಗುತ್ತದೆಯೇ ಎಂದು ನಾನು ಕೇಳಿದ ಹಾಗೆ ಕೇಳಬೇಕಂತೆ. ನಾನು ಕೇಳುವುದಿಲ್ಲ. ನೀನೇ ಅವಳಿಗೆ ಬರೆ. ಏನೆಂದು ಕರೆಯಬೇಕೆಂದು ತೋಚದಿದ್ದರೆ ಮೇಲಿನ ಸಾಲು ಖಾಲಿ ಬಿಡು, ಪರವಾಗಿಲ್ಲ. ಲಕೋಟೆಯ ಮೇಲೆ ಮಾತ್ರ ಅವಳ ಹೆಸರೇ ಇರಲಿ. ಈ ಮನೆಗೆ ಬಂದ ಮೇಲೆ ಅವಳ ಹೆಸರಿಗೆ ಒಂದೇ ಒಂದು ಕಾಗದ ಬಂದಿಲ್ಲ.