ಬೆಳಕಿಂಡಿಯ ಗೋಣಿಚೀಲ

ಸೊರಡಿ, ತಾಲೂಕು ಜತ್ತ
೧೧ ಜನವರಿ ೧೯೫೮

ಮಗಳೇ ದುಂಡವ್ವಾ,

ನಿನಗೆ ಅಪ್ಪನ ಆಶೀರ್ವಾದ. ನೀನು, ಅಳಿಯ ಅಮೋಗಸಿದ್ದ, ಕೂಸು ಮೂವರೂ ಹೇಗಿದ್ದೀರಿ? ಕೂಸಿನ ಕೆಮ್ಮು ಹೋಯಿತೋ ಇಲ್ಲವೋ? ಮಲಗುವ ಕೋಣೆಯಲ್ಲಿ ಕೆಂಡದ ಬುಟ್ಟಿ ಇದ್ದರೆ ಮೊದಲು ಎದ್ದು ಅದನ್ನು ಹೊರಗೆ ಹಾಕು, ಕಿಟಕಿ ತೆರೆ. ಆಮೇಲೆ ಕುಳಿತು ಓದು. ಯಾಕೆ ಏನು ಎಂದು ಕೇಳುತ್ತ ನಿಲ್ಲಬೇಡ, ಹೇಳುತ್ತೇನೆ.

ನಿನ್ನ ಹೋದ ಸಲದ ಪತ್ರವನ್ನು ನಾಲ್ಕು ಸಲ ಓದಿದೆ. ಇಂಗ್ಲೆಂಡಿನಲ್ಲಿ ಉಣ್ಣೆ ಗಿರಣಿಯ ಕೆಲಸವೆಂದು ಅಳಿಯ ಹೇಳಿದಾಗ, ಉಣ್ಣೆ ಇದ್ದಲ್ಲಿ ಥಂಡಿಗೆ ಏನು ಕೆಲಸ ಎಂದುಕೊಂಡಿದ್ದೆ. ನೀನು ನೋಡಿದರೆ ಕಿಟಕಿಯ ಗಾಜಿಗೆ ಒಳಗಿನಿಂದಲೇ ಮಂಜುಗಡ್ಡೆ ಕಟ್ಟುತ್ತದೆ, ಒಲೆ ಇರುವುದು ಕೆಳಗಿನ ಕೋಣೆಯಲ್ಲಿ ಒಂದೇ, ಮೇಲೆ ಮಲಗಿದರೆ ಕೂಸಿನ ಬೆರಳು ನೀಲಿಯಾಗುತ್ತವೆ ಎಂದು ಬರೆದೆ. ಗೋಡೆ ಒಂದೇ ಇಟ್ಟಿಗೆ ದಪ್ಪವಂತೆ! ನಮ್ಮ ಕುರಿದೊಡ್ಡಿಯ ಗೋಡೆ ಅದಕ್ಕಿಂತ ದಪ್ಪ. ಅಂಥ ಮನೆ ಕಟ್ಟಿದವನನ್ನು ಅದರಲ್ಲೇ ಮಲಗಿಸಬೇಕು. ಅದೇ ಸಿಟ್ಟಿನಲ್ಲಿ ಅವತ್ತೇ ಉತ್ತರ ಬರೆದೆ: ಬಾಗಿಲ ಸಂದಿ, ಕಿಟಕಿ ಸಂದಿಗೆಲ್ಲ ಅರಿವೆ ತುರುಕು, ಒಲೆಯ ಕೆಂಡವನ್ನು ಕಬ್ಬಿಣದ ಬುಟ್ಟಿಯಲ್ಲಿ ಮೇಲೆ ಒಯ್ದು ಮಂಚದ ಹತ್ತಿರ ಇಟ್ಟುಕೊಂಡು ಮಲಗು, ನೀನು ಹುಟ್ಟಿದಾಗ ಬಾಣಂತಿ ಕೋಣೆಯಲ್ಲಿ ಹೊರಸಿನ ಕೆಳಗೆ ನಾವು ಹಾಗೆಯೇ ಕೆಂಡ ಇಟ್ಟಿದ್ದೆವು ಎಂದು. ಆ ಪತ್ರ ಹೋಗಿ ಐದು ವಾರ. ನಿನ್ನಿಂದ ಒಂದಕ್ಷರ ಇಲ್ಲ.

ನಿನ್ನೆ ಸಂಜೆ ಇಲ್ಲಿ ಅಕಾಲದ ಜಿಟಿಜಿಟಿ ಮಳೆ, ಮೂಡಗಾಳಿ. ಹುಟ್ಟಿ ಎರಡು ದಿನವಾದ ಏಳು ಕುರಿಮರಿಗಳನ್ನು ಅದೇ ಬಾಣಂತಿ ಕೋಣೆಗೆ ತಂದು, ಕೆಂಡದ ಬುಟ್ಟಿ ಇಟ್ಟು ಬಾಗಿಲು ಹಾಕಿದೆವು. ಮಳೆನೀರು ಬೀಳದಿರಲೆಂದು ಮಾಳಿಗೆಯ ಬೆಳಕಿಂಡಿಗೆ ನಿನ್ನ ಅಣ್ಣ ವಿಠೋಬ ಗೋಣಿಚೀಲ ತುರುಕಿದ. ಇಂದು ಬೆಳಗ್ಗೆ ಮರಿಗಳನ್ನು ಹಾಲಿಗೆ ಬಿಡಲು ಹೋದ ನಿನ್ನ ಅವ್ವ ಹೊರಗೆ ಬರಲೇ ಇಲ್ಲ. ನೋಡಿದರೆ ಹೊಸ್ತಿಲ ಮೇಲೆ ಬಿದ್ದಿದ್ದಾಳೆ. ಎಳೆದು ಅಂಗಳಕ್ಕೆ ತಂದೆವು. ವಾಂತಿ ಮಾಡಿಕೊಂಡು ಸಾವರಿಸಿಕೊಂಡಳು. ಗಾಬರಿಯಾಗಬೇಡ, ಈಗ ನನ್ನನ್ನು ಬೈಯುವಷ್ಟು ಚೆನ್ನಾಗಿದ್ದಾಳೆ. ಏಳೂ ಮರಿ ಸತ್ತಿದ್ದವು. ಒಂದೂ ಒದ್ದಾಡಿರಲಿಲ್ಲ. ನಿದ್ದೆ ಹೋದಂತೆ ಒಂದರ ಮೇಲೊಂದು ತಲೆ ಇಟ್ಟು ಮಲಗಿದ್ದವು.

"ಥಂಡಿಗಿ ಸತ್ತಿಲ್ಲ ಇವು, ಉಸರ ಕಟ್ಟಿ ಸತ್ತಾವ. ಬೆಳಕಿಂಡಿ ಯಾರ ಮುಚ್ಚಿದ್ರಿ?" ಎಂದು ಅವ್ವ ಕೇಳಿದಳು. "ಕುರಿ ಕಾಯೋ ಮನ್ಯಾಗ ಹುಟ್ಟಿ ಅಷ್ಟೂ ತಿಳೀಲಿಲ್ಲೇನೋ, ಹುಚ್ಚಪ್ಯಾಲಿ!" ಎಂದು ವಿಠೋಬನನ್ನು ಬೈದಳು. ಆಮೇಲೆ ನನ್ನ ಮುಖ ನೋಡಿ, "ನನ್ನ ಮಗಳಿಗಿ ಏನಂತ ಬರದಿದ್ರಿ ನೀವು?" ಎಂದಳು. ಆಗಲೇ ಈ ಪತ್ರ ಬರೆಯಲು ಕುಳಿತೆ.

ಥಂಡಿಯಾದರೆ ಕೆಳಗಿನ ಕೋಣೆಯಲ್ಲೇ ಹಾಸಿಕೊಳ್ಳಿ. ಅಲ್ಲಿ ಹೊಗೆ ಹೋಗಲು ದಾರಿ ಇದೆಯಲ್ಲ. ಬಂದವರು ನಕ್ಕರೆ ನಗಲಿ. ನಾನು ಕೊಟ್ಟ ಕರಿ ಕಂಬಳಿಯನ್ನು ಚುಚ್ಚುತ್ತದೆಂದು ಪೆಟ್ಟಿಗೆಯಲ್ಲಿ ಇಟ್ಟಿರುತ್ತೀ, ನಿನ್ನ ಬುದ್ಧಿ ನನಗೆ ಗೊತ್ತು. ತೆಗೆ ಅದನ್ನು. ಚುಚ್ಚಿದರೆ ಚುಚ್ಚಲಿ.

ಬೀರದೇವರು ಮೂವರನ್ನೂ ಕಾಯಲಿ. ಅಳಿಯನಿಗೆ ನಾನು ಕೇಳಿದೆನೆಂದು ಹೇಳು. ಕೂಸಿಗೆ ಅಜ್ಜಿಯ ಮುತ್ತು.

ನಿನ್ನ ಅಪ್ಪ
ಶಿದ್ರಾಯ

ತಾ.ಕ.: ವಿಠೋಬ ಸೈಕಲ್ ಹಿಡಿದು ಬಾಗಿಲಲ್ಲಿ ನಿಂತಿದ್ದಾನೆ. ಈ ಪತ್ರ ಹಾಕಿ, ಕೆಂಡ ತೆಗೆ ಕಿಟಕಿ ತೆರೆ ಎಂದು ಜತ್ತದ ತಂತಿ ಕಚೇರಿಯಿಂದ ತಾರು ಮಾಡುತ್ತಾನೆ. ಬೆಳಕಿಂಡಿ ಮುಚ್ಚಿದವನು ಅವನಲ್ಲ, ನಾನು. "ಅಪ್ಪಾ, ಅದೊಂದು ತೆರದ ಇರಲಿ" ಅಂದಿದ್ದ. "ನನಗ ಕಲಸ್ತೀಯೇನೋ" ಎಂದು ನಾನೇ ಏಣಿ ಹತ್ತಿದೆ. ಅವ್ವ ಬೈಯುವಾಗ ಅವನೂ ಸುಮ್ಮನಿದ್ದ, ನಾನೂ ಸುಮ್ಮನಿದ್ದೆ. ನೀನು ಹುಟ್ಟಿದಾಗ ಆ ಕಿಂಡಿ ತೆರೆದಿತ್ತು, ಅದಕ್ಕೇ ಉಳಿದೆ. ಅಪ್ಪ ಹೇಳಿದ್ದನ್ನು ನೀನು ಮರುಮಾತಿಲ್ಲದೆ ಮಾಡುವವಳು. ನನಗೆ ಅದೇ ಹೆದರಿಕೆ. ತಾರು ಮುಟ್ಟಿಯೂ ಮರುತಾರು ಮಾಡಿರದಿದ್ದರೆ ಈಗಲೇ ಮಾಡು. ಅದರಲ್ಲಿ ಮೂವರ ಹೆಸರನ್ನೂ ಬೇರೆ ಬೇರೆಯಾಗಿ ಬರೆಸು. ಪತ್ರ ಅಂಟಿಸದೆ ವಿಠೋಬನ ಕೈಗೆ ಕೊಡುತ್ತಿದ್ದೇನೆ. ದಾರಿಯಲ್ಲಿ ಓದಲಿ.