ಬಾನೆಟ್ಟಿನ ಮೇಲಿನ ವಿಭೂತಿ

ಮೊರಬ, ೧೯೮೬

ಯಪ್ಪಾ,

ನೀನು ತೀರಿಕೊಂಡ ಮೇಲೆ ಇವತ್ತೇ ಮೊದಲು ನಿನ್ನ ನೀಲಿ ಅಂಬಾಸಿಡರ್ ಮುಟ್ಟಿದೆ. ತಂಗಿ ರೇವವ್ವನ ಮದುವೆಗೆ ಮಿಂಚಲೆಂದು ಹಳೆಯ ಮೇಣವನ್ನೆಲ್ಲ ಸೀಮೆಎಣ್ಣೆಯಲ್ಲಿ ತಿಕ್ಕಿ ತೆಗೆದೆ. ಸೋಮವಾರಕ್ಕೊಮ್ಮೆ ಬಾನೆಟ್ಟಿಗೆ ಮೂರು ಬೆರಳಿನಿಂದ ವಿಭೂತಿ ಹಚ್ಚಿ, ಅಳಿಸಬಾರದೆಂದು ಅದರ ಮೇಲೆಯೇ ಮೇಣ ಬಳಿಯುತ್ತಿದ್ದೆಯಲ್ಲ, ಈಗ ನೋಡು: ಬಿಸಿಲಿಗೆ ಇಡೀ ಕಾರು ಮಾಸಿದೆ, ವಿಭೂತಿಯ ಕೆಳಗಿದ್ದ ಮೂರು ಪಟ್ಟೆ ಮಾತ್ರ ಕಡುನೀಲಿ! ಎಷ್ಟು ತಿಕ್ಕಿದರೂ ಹೋಗಲೊಲ್ಲವು.

ಬಾಗಿಲಲ್ಲಿ ನಿಂತ ಅವ್ವ ನಕ್ಕಳು: “ಬಿಡಲೇ ಈರಪ್ಪಾ, ಕಾಲೇಜಿಗೆ ಹೋದ ಮರುದಿನಾನ ನಿನ್ನ ಹಣಿ ಮ್ಯಾಲಿಂದು ಅಳಿಸಿದಿ. ಕಾರು ನಿನ್ನಂಗಲ್ಲ, ಅಪ್ಪನ ಮಾತ ಕೇಳತೈತಿ.”

ಆ ಪಟ್ಟೆಗಳ ಮೇಲೆಯೇ ಹೊಸ ಮೇಣ ಹಚ್ಚಿ ಉಜ್ಜಿದೆ. ಬಗ್ಗಿ ನೋಡಿದರೆ ಬಾನೆಟ್ಟಿನಲ್ಲಿ ನನ್ನ ಮುಖ. ಮೂರು ಪಟ್ಟೆಗಳೂ ಸರಿಯಾಗಿ ಹಣೆಯ ಮೇಲೇ ಕೂತಿದ್ದವು.