ಮೂರು ಎಸಳಿನ ಹೂವು

ಅಕ್ಕಾ,

ಸಂಜೆ ಆರೂವರೆ. ಮಧುಗಿರಿಯಲ್ಲಿ ಫೋಟೋ ಸ್ಟುಡಿಯೋ ಕೆಲಸ ಮುಗಿಸಿ ಈಗಷ್ಟೇ ಕೊಡಿಗೇನಹಳ್ಳಿಗೆ ಬಂದೆ. ಈ ದಿನವೆಲ್ಲ ನಿನ್ನ ಒಂದು ಹೂವಿನ ಜೊತೆಯಲ್ಲೇ ಕಳೆಯಿತು.

ನೀನು ನಮ್ಮನ್ನು ಬಿಟ್ಟು ಹೋದಾಗಿನಿಂದ ನಾಗರತ್ನಮ್ಮನವರು ಹೊಲಿಯಲು ಕೊಟ್ಟಿದ್ದ ರವಿಕೆ ನಿನ್ನ ಹೊಲಿಗೆ ಯಂತ್ರದ ಮೇಲೆ ಹಾಗೇ ಉಳಿದಿತ್ತು. ಹೊಲಿಗೆ ಮುಗಿದಿತ್ತು, ಆದರೆ ತೋಳಿನ ಮೇಲೆ ನೀನು ಕಸೂತಿ ಹಾಕುತ್ತಿದ್ದ ಹೂವಿಗೆ ಮೂರೇ ಎಸಳು. ಉಳಿದ ಎರಡಕ್ಕೆ ಸೀಮೆಸುಣ್ಣದ ಗೆರೆ ಮಾತ್ರ ಇತ್ತು. ನಿನ್ನ ಮಗಳು ಸಹನಾ ಕಂಪ್ಯೂಟರಿನಲ್ಲಿ ನಿನ್ನ ಫೋಟೋಗಳ ಆಲ್ಬಮ್ ಮಾಡುತ್ತಿದ್ದಾಳೆ. ಅದರ ಪುಟಗಳ ಅಂಚಿಗೆ ಇಡಲು ಈ ಹೂವನ್ನೇ ಸ್ಕ್ಯಾನ್ ಮಾಡಿ ಕತ್ತರಿಸಿಕೊಡು ಅಂದಳು. ಇವತ್ತು ಇಬ್ಬರೂ ರವಿಕೆ ಹಿಡಿದು ಸ್ಟುಡಿಯೋಗೆ ಹೋದೆವು.

"ಒಂದೆಸಳು ಕಾಪಿ ಮಾಡಿ ತಿರುಗ್ಸಿ ಇಟ್ಬುಡು ಕಣಮ್ಮ, ಹೂವ ಮುಗ್ದೋಯ್ತು," ಅಂದರು ಸ್ಟುಡಿಯೋದ ಬಸವೇಶ್.

ಹಾಗೇ ಮಾಡಿದೆ. ಪರದೆಯ ಮೇಲಿನ ಗೆರೆಗಳನ್ನೂ ಅಳಿಸಿದೆ. ಐದು ಎಸಳಿನ ಹೂವು ಚೆನ್ನಾಗಿಯೇ ಕಂಡಿತು.

ಸಹನಾ ಪರದೆಗೆ ಮುಖ ಹತ್ತಿರ ತಂದು ನೋಡಿದಳು.

"ಚಿಕ್ಕಿ, ಇವೆರಡು ಅಮ್ಮ ಹಾಕಿದ್ದಲ್ಲ. ತೆಗೆದ್ಬುಡು."

"ಖಾಲಿ ಕಾಣ್ತದೆ ಕಣೇ."

"ಕಾಣ್ಲಿ ಬುಡು. ಆ ಗೆರೆ ಅಮ್ಮಂದೇ ತಾನೆ?"

ಮಾಡಿದ್ದನ್ನೆಲ್ಲ ಒಂದೊಂದಾಗಿ ಹಿಂದಕ್ಕೆ ತೆಗೆದುಕೊಂಡೆ. ನಾನು ಇಟ್ಟ ಎಸಳುಗಳು ಹೋದವು, ನಿನ್ನ ಗೆರೆ ಮರಳಿ ಬಂತು. ಒಂದು ಕಡೆ ನಿನ್ನ ಬೆರಳು ತಾಗಿ ಸೀಮೆಸುಣ್ಣ ಅಳಿಸಿಹೋಗಿತ್ತು. ಅದನ್ನೂ ಹಾಗೇ ಉಳಿಸಿದೆ.

ಬರುವಾಗ ನಾಗರತ್ನಮ್ಮ ಸಿಕ್ಕಿದರು. ನನಗೆ ಸೂಜಿಯ ಕೆಲಸ ಬರುವುದಿಲ್ಲ, ತೋಳಿನ ಹೂವು ಅಷ್ಟಕ್ಕೇ ನಿಂತಿದೆ ಎಂದೆ. "ಇರ್ಲಿ ಬುಡಮ್ಮ, ಅಂಗೇ ತೊಟ್ಕೋತೀನಿ," ಅಂದರು.

ನಾಳೆ ಬೆಳಿಗ್ಗೆ ಅವರು ರವಿಕೆ ತೆಗೆದುಕೊಂಡು ಹೋಗಲು ಬರುತ್ತಾರೆ.